ಸದರಿಯ ಹಿಂಭಾಗಕ್ಕೆ ಎರಡು ಪಟ್ಟಿ

ಇಳಕಲ್ಲಿನ ಕಾಶಪ್ಪನವರು ಹುನಗುಂದದ ತಹಶೀಲ್ದಾರ ಕಚೇರಿಯ ಮುಂದೆ ಬೇವಿನ ಗಿಡದ ನೆರಳಿನಲ್ಲಿ ಕುಳಿತು ಇಪ್ಪತ್ತೆರಡು ವರ್ಷ ಮಂದಿಯ ಖರೀದಿಪತ್ರ, ವಾಟ್ನಿಪತ್ರಗಳನ್ನು ಬರೆದ ಬಾಂಡ್ ರೈಟರು. ಅವರ ಅಕ್ಷರ ಎಷ್ಟು ದುಂಡಗಿತ್ತೆಂದರೆ, ಹೊಲ ಕಳೆದುಕೊಂಡವನೂ ಪತ್ರವನ್ನು ಎರಡು ಸಲ ನೋಡಿ ಸಮಾಧಾನಪಟ್ಟುಕೊಂಡು ಹೋಗುತ್ತಿದ್ದ. ಆದರೆ ಈ ಕಸುಬಿನಿಂದ ಅವರಿಗೊಂದು ಚಟ ಅಂಟಿತ್ತು. ಪತ್ರದಲ್ಲಿ ಹೊಲವಾಗಲಿ ಮನೆಯಾಗಲಿ ಮೊದಲ ಸಾಲಿನಲ್ಲಿ ಒಮ್ಮೆ ಹೆಸರು ಹೇಳಿಸಿಕೊಂಡರೆ ಮುಗಿಯಿತು, ಆಮೇಲೆ ಕೊನೆಯವರೆಗೂ ಅದು ‘ಸದರಿ’. ಬರೆದೂ ಬರೆದೂ ಈ ‘ಸದರಿ’ ಅವರ ಮಾತಿನೊಳಗೂ ಇಳಿದಿತ್ತು. ಊಟಕ್ಕೆ ಕುಳಿತರೆ, “ಸದರಿ ಪಲ್ಯೆಕ್ಕ ಉಪ್ಪು ಕಡಿಮಿ ಐತಿ” ಎನ್ನುತ್ತಿದ್ದರು. ಹೆಂಡತಿ ಸಿದ್ದವ್ವ ಉಪ್ಪಿನ ಡಬ್ಬಿ ಮುಂದಿಡುತ್ತಿದ್ದರು. ಎದುರಿಗಿದ್ದವರಿಗೆ ಇದು ತೊಂದರೆ ಕೊಡುತ್ತಿರಲಿಲ್ಲ, ಪಲ್ಯೆ ಕಣ್ಣಿಗೆ ಕಾಣುತ್ತಿತ್ತು. ಕಾಗದ ಬರೆಯುವಾಗ ಮಾತ್ರ ಒಮ್ಮೊಮ್ಮೆ ವಿಷಯ ಅವರ ತಲೆಯಲ್ಲಿ ಎಷ್ಟು ಸ್ಪಷ್ಟವಾಗಿರುತ್ತಿತ್ತೆಂದರೆ, ಮೊದಲ ಸಾಲಿನಲ್ಲಿ ಅದರ ಹೆಸರು ಹೇಳುವುದನ್ನೇ ಮರೆತು ನೇರವಾಗಿ ‘ಸದರಿ’ಗೆ ಇಳಿದುಬಿಡುತ್ತಿದ್ದರು.

ಎಂಬತ್ತೆರಡನೆಯ ಇಸವಿಯಲ್ಲಿ ಇಡೀ ಬಾದಾಮಿಯನ್ನು ಕಂಗೆಡಿಸಿದ್ದು ಇಂಥದೇ ಒಂದು ಮರೆವು.

ಕಾಶಪ್ಪನವರಲ್ಲಿ ಒಂದು ಹಳೆಯ ಅಂಬಾಸಿಡರ್ ಕಾರಿತ್ತು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಇಳಕಲ್ಲು ಬಿಟ್ಟು ಹುನಗುಂದಕ್ಕೆ ಹೋಗುವುದು, ಸಂಜೆ ಐದೂವರೆಗೆ ಹುನಗುಂದ ಬಿಟ್ಟು ಇಳಕಲ್ಲಿಗೆ ಬರುವುದು. ಜೊತೆಗೆ ಕೋರ್ಟಿನ ಬೇಲಿಫ್ ಮುದಕಪ್ಪ, ಕನ್ನಡ ಸಾಲಿಯಲ್ಲಿ ಕಲಿಸುವ ಅಕ್ಕೋರು, ಕಂದಾಯ ಕಚೇರಿಯ ಇಬ್ಬರು ಗುಮಾಸ್ತರು. ಕಾರು ಮೊದಲು ಬಡ ಆಕಳಂತೆ ನಡೆಯುತ್ತಿತ್ತು. ಕಾಶಪ್ಪನವರಿಗೆ ಅದು ಸಾಲದಾಯಿತು. ಹಿಂದಿನ ವರ್ಷ ಅದರ ಸಣ್ಣ ಎಂಜಿನ್ ತೆಗೆಸಿ, ಯಾವುದೋ ಜೀಪಿನ ದೊಡ್ಡ ಡೀಸೆಲ್ ಎಂಜಿನ್ ಕೂಡಿಸಿದರು. ಅಂದಿನಿಂದ ಕಾರಿಗೆ ಕುಣಿತ ಹಿಡಿಯಿತು. ಕ್ಲಚ್ಚಿನಿಂದ ಕಾಲು ತೆಗೆದ ಕೂಡಲೇ ಹಿಂದಿನ ಗಾಲಿಗಳು ದಡಬಡನೆ ನಾಲ್ಕಾರು ಸಲ ಕುಪ್ಪಳಿಸಿ, ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಸುಮ್ಮನೆ ಮುಂದೆ ಉರುಳುತ್ತಿದ್ದವು. ಏರಿನಲ್ಲಿ ನಿಂತು ಹೊರಟರಂತೂ ಕುಪ್ಪಳಿಕೆ ಹತ್ತಕ್ಕೂ ಮುಗಿಯುತ್ತಿರಲಿಲ್ಲ.

ಹಿಂದಿನ ಸೀಟಿನ ನಡುವೆ ಕೂರುವ ಮುದಕಪ್ಪನ ತಲೆಯ ರುಮಾಲು ಪ್ರತಿ ಸಲವೂ ಛಾವಣಿಗೆ ಬಡಿದು ಕಣ್ಣ ಮೇಲೆ ಇಳಿಯುತ್ತಿತ್ತು.

“ಕಾಶಪ್ಪನವರ, ಊರ ಮಂದಿಗೆ ನೋಟೀಸ್ ಕೊಡಾಂವ ನಾನು. ನಿಮ್ಮ ಕಾರು ದಿನಾ ನನಗ ನೋಟೀಸ್ ಕೊಡತೈತಿ,” ಎಂದು ಅವನು ರುಮಾಲು ಸರಿಪಡಿಸಿಕೊಳ್ಳುತ್ತಿದ್ದ.

ಒಂದು ದಿನ ಹುನಗುಂದದ ಏರಿನಲ್ಲಿ ಅಕ್ಕೋರ ಡಬ್ಬಿಯ ಮುಚ್ಚಳ ಹಾರಿ, ಎಣ್ಣೆಗಾಯಿ ಪಲ್ಯೆ ಪೂರ್ತಿಯಾಗಿ ಆ ರುಮಾಲಿಗೆ ಸಂದಾಯವಾಯಿತು. ಅಕ್ಕೋರು ಸಿಟ್ಟಾಗಲಿಲ್ಲ. ಮೆಲ್ಲಗೆ, “ನಾಳಿಂದ ನಾ ಬಸ್ಸಿಗೆ ಬರ್ತೇನ್ರಿ” ಎಂದರು. ಸಿಟ್ಟಾಗಿದ್ದರೆ ಕಾಶಪ್ಪನವರು ತಡೆದುಕೊಳ್ಳುತ್ತಿದ್ದರು. ಈ ಮೆಲುದನಿ ಅವರ ಎದೆಗೆ ನಾಟಿತು. ಹೆಂಡತಿಯಂತೂ ಅಕ್ಕನ ಮಗಳ ಕೂಸಿನ ತೊಟ್ಟಿಲಿಗೆಂದು ಬಾದಾಮಿಗೆ ಹೊರಟಾಗಲೇ ಎಚ್ಚರಿಸಿ ಹೋಗಿದ್ದರು: “ಈ ಕಾರು ಒಂದಿನ ನಿಮ್ಮ ಬೆನ್ನ ಮುರೀತೈತಿ, ಬರದಿಟ್ಕೋರಿ.”

ಮರುದಿನ ಶುಕ್ರವಾರ. ಕಾಶಪ್ಪನವರು ಕಾರನ್ನು ಮುರ್ತುಜಸಾಬರ ಗ್ಯಾರೇಜಿಗೆ ಒಯ್ದರು. ಮುರ್ತುಜಸಾಬರು ಹರೆಯದಲ್ಲಿ ಪುಣೆಯ ಒಬ್ಬ ಪಾರ್ಸಿ ಸಾಹೇಬರ ಗ್ಯಾರೇಜಿನಲ್ಲಿ ಕೆಲಸ ಕಲಿತವರು. ಅವರು ಹಿಂದಿನ ಗಾಲಿಯ ಪಕ್ಕಕ್ಕೆ ನೆಲದ ಮೇಲೆ ಕೆನ್ನೆ ಊರಿ ಮಲಗಿ, “ಹೊಡೀರಿ” ಎಂದರು. ಕಾರು ಕುಪ್ಪಳಿಸಿತು. “ಇನ್ನೊಮ್ಮೆ,” ಎಂದರು. ಮತ್ತೆ ಕುಪ್ಪಳಿಸಿತು. ಅವರು ನಗುತ್ತಾ ಎದ್ದರು.

“ಎಂಜಿನ್ ಜೋರ ಐತ್ರಿ ಕಾಶಪ್ಪಣ್ಣಾರ. ಗಾಲಿ ತಿರಗೂಕ್ಕಿಂತ ಮೊದಲ ಅಚ್ಚ ತಿರುಚಾಕ ಹತ್ತೈತಿ. ಅದರ ಕೂಡ ಸ್ಪ್ರಿಂಗ್ ಹಾವಿನಂಗ ಡೊಂಕ ಆಗತೈತಿ. ತಾಳೂಮಟ ತಾಳಿ ಟಣ್ಣಂತ ಸೆಟದ ಬಿಡತೈತಿ. ಮತ್ತ ಡೊಂಕ, ಮತ್ತ ಟಣ್. ಅದ ಈ ಕುಣತ.”

“ಇದಕ್ಕೇನ ಔಷಧ?”

“ಟ್ರಾಕ್ಷನ್ ಬಾರ್.”

ಕಾಶಪ್ಪನವರು ಆ ಮಾತನ್ನು ಬಾಯಲ್ಲಿ ಎರಡು ಸಲ ಹೊರಳಾಡಿಸಿದರು. ಪಾರ್ಟಿಶನ್, ಇಂಜಂಕ್ಷನ್ ಎಂಬ ಘನ ಶಬ್ದಗಳ ನಡುವೆ ಬಾಳಿದ ಮನುಷ್ಯ. ಟ್ರಾಕ್ಷನ್ನಿಗೂ ಅದೇ ತೂಕವಿದೆ ಎಂದು ಅವರಿಗೆ ಒಂದೇ ಕ್ಷಣದಲ್ಲಿ ಖಾತ್ರಿಯಾಯಿತು.

“ಆದ್ರ ಒಂದು ಮಾತ್ರಿ,” ಮುರ್ತುಜಸಾಬರು ಕೈ ಒರೆಸಿಕೊಂಡರು. “ಇದು ಓಟದ ಕಾರಿಗೆ ಹಾಕೂದು. ದಿನಾ ಓಡೂ ಗಾಡಿಗೆ ಯಾರೂ ಹಾಕಸೂದಿಲ್ಲ.”

ಕಾಶಪ್ಪನವರ ನಿರ್ಧಾರ ಗಟ್ಟಿಯಾದದ್ದು ಈ ಮಾತಿನಿಂದಲೇ. “ಅಂದ್ರ ನಮ್ಮ ಜಿಲ್ಲಾದಾಗ ನಮ್ಮದ ಮೊದಲು?”

“ಜಿಲ್ಲಾದಾಗ ಮೊದಲು, ಬಹುಶಃ ಕಡೀದು.”

“ಹಾಕ್ರಿ.”

ಎರಡು ದಿನದ ಕೆಲಸ. ಮುರ್ತುಜಸಾಬರು ಲಾರಿಯ ಹಳೆಯ ಸ್ಪ್ರಿಂಗಿನಿಂದ ಎರಡು ಗಟ್ಟಿ ಪಟ್ಟಿ ಆರಿಸಿದರು. ಅವುಗಳ ಹಿಂದಿನ ತುದಿಯನ್ನು ಅಚ್ಚಿನ ಕೆಳಗೆ ಬೋಲ್ಟು ಹಾಕಿ ಬಿಗಿಯುವುದು. ಮುಂದಿನ ತುದಿಯ ಮೇಲೆ ಟಾಯರು ಕೊಯ್ದ ರಬ್ಬರಿನ ಗಟ್ಟಿ ಕೂಡಿಸುವುದು. ಅಚ್ಚು ತಿರುಚಲು ಹೋದರೆ ರಬ್ಬರು ಸ್ಪ್ರಿಂಗಿಗೆ ಒತ್ತಿ ತಡೆಯುತ್ತದೆ. “ಪೂರಾ ಬಿಗದ್ರ ಹಾಸಗಲ್ಲಿನ ಮ್ಯಾಲ ಕುಂತಂಗ ಆಕ್ಕತಿ. ದಿನಾ ಓಡೂ ಗಾಡಿ ಅಲ್ಲೇನ್ರಿ? ಒಂದು ಬೆರಳ ಸಂದಿ ಬಿಡ್ತೇನಿ,” ಎಂದರು. ಇಪ್ಪತ್ತೆರಡು ವರ್ಷ ಪೆನ್ನಿಗಿಂತ ಭಾರವಾದದ್ದನ್ನು ಹಿಡಿಯದ ಕಾಶಪ್ಪನವರು ಧೋತರದ ಕಚ್ಚೆ ಬಿಗಿದು ತಾವೂ ಕಾರಿನ ಕೆಳಗೆ ಹೋಗಿ ಅಂಗಾತ ಮಲಗಿದರು. ಕೇಳಿದ ಪಾನಾ ಕೊಡುವುದು, ಬಿದ್ದ ಬೋಲ್ಟು ಹುಡುಕುವುದು, ಕಣ್ಣಿಗೆ ಬಿದ್ದ ಮಣ್ಣು ತೆಗೆದುಕೊಳ್ಳುವುದು ಎಲ್ಲವನ್ನೂ ಅವರು ಮಾಡಿದರು. ಅಷ್ಟು ಶ್ರದ್ಧೆಯನ್ನು ಮುರ್ತುಜಸಾಬರು ಬೇರೆ ಯಾವ ಕಾರಿನ ಮಾಲೀಕರಲ್ಲೂ ಕಂಡಿರಲಿಲ್ಲ.

ಭಾನುವಾರ ಬಾದಾಮಿಗೆ ಹೋಗಿ ಹೆಂಡತಿಯನ್ನು ಕರೆತರುವುದಾಗಿ ಅವರು ಮಾತು ಕೊಟ್ಟಿದ್ದರು. ಅದು ಸಾಧ್ಯವಿಲ್ಲವೆಂದು ತೋರಿದ್ದರಿಂದ, ಶುಕ್ರವಾರ ಮಧ್ಯಾಹ್ನವೇ ಕಾರಿನ ಬಾನೆಟ್ಟಿನ ಮೇಲೆ ಇಟ್ಟುಕೊಂಡು ಒಂದು ಕಾರ್ಡು ಬರೆದು ಟಪಾಲಿಗೆ ಹಾಕಿದರು. ಆ ಕಾರ್ಡು ಹೀಗಿತ್ತು:

“ಸೌಭಾಗ್ಯವತಿ ಸಿದ್ದವ್ವಳಿಗೆ ಆಶೀರ್ವಾದ. ಸದರಿಯ ಹಿಂಭಾಗವು ಏಳುವಾಗ ಕುಪ್ಪಳಿಸುತ್ತಿರುವ ಸಂಗತಿ ನಿನಗೆ ತಿಳಿದೇ ಇದೆ. ಮುರ್ತುಜಸಾಬರ ಸಲಹೆಯ ಮೇರೆಗೆ ಟ್ರಾಕ್ಷನ್ ಹಾಕಿಸುತ್ತಿದ್ದೇನೆ. ಹಿಂಭಾಗದ ಕೆಳಗೆ ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ಪಟ್ಟಿ ಇಟ್ಟು ಬೋಲ್ಟು ಬಿಗಿಯುವರು. ತುದಿಗೆ ಟಾಯರಿನ ರಬ್ಬರು. ಎರಡು ದಿನ ಓಡಾಟ ಬಂದ್. ಕಾರಣ ಭಾನುವಾರ ಬರಲಾಗದು. ಗಾಬರಿಪಡತಕ್ಕದ್ದಲ್ಲ.”

ಶನಿವಾರ ಬೆಳಿಗ್ಗೆ ಈ ಕಾರ್ಡನ್ನು ಬಾದಾಮಿಯಲ್ಲಿ ಮೊದಲು ಓದಿದವನು ಟಪಾಲಿನವನು. ಅವನು ಅದನ್ನು ಸಿದ್ದವ್ವನ ಕೈಗೆ ಕೊಡುವಾಗ ಟೊಪ್ಪಿಗೆ ತೆಗೆದ.

ಸಿದ್ದವ್ವನ ಅಕ್ಕ ಗುರುಲಿಂಗವ್ವ. ಅಕ್ಕನ ಗಂಡ, ಅಂದರೆ ಕಾಶಪ್ಪನವರ ಷಡ್ಡಕ, ಕಿರಾಣಿ ಅಂಗಡಿಯ ಅಮಾತೆಪ್ಪ. ಮೂರು ವರ್ಷದ ಹಿಂದೆ ಅಮಾತೆಪ್ಪನವರು ಬೆಲ್ಲದ ಪೆಂಟಿ ಇಳಿಸಲು ಹೋಗಿ ಏಣಿಯಿಂದ ಬಿದ್ದು, ಆರು ವಾರ ಕಾಲಿಗೆ ಭಾರ ಕಟ್ಟಿಸಿಕೊಂಡು ದವಾಖಾನೆಯಲ್ಲಿ ಮಲಗಿದ್ದರು. ಅಂದಿನಿಂದ ಎಲುಬಿನ ಮಟ್ಟಿಗೆ ತಾವು ಅರ್ಧ ಡಾಕ್ಟರು ಎಂದು ಅವರಿಗೂ ಅನ್ನಿಸಿತ್ತು, ಅಂಗಡಿಗೆ ಬರುವವರನ್ನೂ ಒಪ್ಪಿಸಿದ್ದರು.

“ಟ್ರಾಕ್ಷನ್!” ಎಂದು ಅವರು ತಕ್ಕಡಿ ಕೆಳಗಿಟ್ಟರು. “ಅದನ್ನ ನನಗ ಕೇಳ್ರಿ. ಎಲುಬು ಮುರದಾಗ ಹಾಕೂದು.”

“ಹಿಂಭಾಗ ಕುಪ್ಪಳಸತೈತಿ ಅಂದ್ರೇನ್ರಿ ಮಾವಾರ?” ಸಿದ್ದವ್ವ ಕಾರ್ಡನ್ನು ಅವರ ಮುಂದೆ ಹಿಡಿದರು.

“ನಡಾ ಮುರದ್ರ ನರ ಜಿಗೀತಾವ. ಏಳಾಕ ಹೋದ್ರ ಕುಪ್ಪಳಸತೈತಿ. ಬರದಾನಲ್ಲ, ‘ಏಳುವಾಗ’ ಅಂತ.”

“ಅಯ್ಯೋ ನಮ್ಮಪ್ಪಾ, ಬೋಲ್ಟ ಹಾಕಿ ಬಿಗೀತಾರಂತಲ್ಲರಿ!”

“ಹೊಸಾ ಪದ್ಧತಿ ಇರಬೇಕು.”

“ಟಾಯರಿನ ರಬ್ಬರ?”

“ನನ್ನ ಕಾಲಿಗೆ ಉಸುಕಿನ ಚೀಲ ಕಟ್ಟಿದ್ರು. ದವಾಖಾನ್ಯಾಗ ಕೈಗೆ ಏನ ಸಿಗತೈತೋ ಅದನ್ನ ಹಾಕ್ತಾರ.”

ಸಿದ್ದವ್ವ ನೆಲಕ್ಕೆ ಕುಸಿದರು. “ಹೇಳಿದ್ದೆ ನಾನು. ಆ ಕಾರು ಬೆನ್ನ ಮುರೀತೈತಿ ಅಂತ ಹೊಂಡೂವಾಗ ಹೇಳಿ ಬಂದಿದ್ದೆ!”

ಹತ್ತೂವರೆಯ ಬಸ್ಸಿಗೆ ಮೂವರೂ ಹೊರಟರು. ಸಿದ್ದವ್ವ ಬಾದಾಮಿಯಿಂದ ಅಮೀನಗಡದವರೆಗೆ ಅಳುತ್ತಾ, ಅಮೀನಗಡದಿಂದ ಇಳಕಲ್ಲಿನವರೆಗೆ ಬಿಕ್ಕುತ್ತಾ ಬಂದರು. ನಡುವೆ ಬಸ್ಸಿನ ಮಂದಿಗೆ ಅಮಾತೆಪ್ಪನವರು ಟ್ರಾಕ್ಷನ್ನಿನ ವಿವರ ಕೊಟ್ಟರು. ಒಬ್ಬಾಕೆ ಮಡಿಲಿನಿಂದ ಎರಡು ಮೋಸಂಬಿ ತೆಗೆದು ಕೊಟ್ಟಳು. ಕಂಡಕ್ಟರು ನಿಲ್ದಾಣದವರೆಗೂ ಕಾಯದೆ ಅವರ ಓಣಿಯ ಬಾಯಿಗೇ ಬಸ್ಸು ನಿಲ್ಲಿಸಿ ಇಳಿಸಿದ.

ಅದೇ ಹೊತ್ತಿಗೆ, ಅಂದುಕೊಂಡದ್ದಕ್ಕಿಂತ ಬೇಗ ಕೆಲಸ ಮುಗಿಸಿದ ಕಾರು ಓಣಿಯೊಳಗೆ ಬಂತು. ಎರಡು ದಿನ ಬರಿ ನೆಲದ ಮೇಲೆ ಅಂಗಾತ ಮಲಗಿ ಕಾಶಪ್ಪನವರ ಬೆನ್ನು ಹಿಡಿದಿತ್ತು. ಅವರು ಬಾಗಿಲು ತೆಗೆದು, ನೆಟ್ಟಗೆ ಬಿದಿರಿನ ಗಳದಂತೆ ಇಳಿದು, ಇಡೀ ಮೈಯನ್ನೇ ತಿರುಗಿಸಿ ನೆಂಟರ ಕಡೆ ನೋಡಿದರು. ಟ್ರಾಕ್ಷನ್ ನೋಡಲು ಬಾದಾಮಿಯಿಂದ ಬಸ್ಸು ಹತ್ತಿ ಬಂದಿದ್ದಾರಲ್ಲ ಎಂದು ಅವರ ಎದೆ ತುಂಬಿತು.

“ಕಾರ್ಡ ಮುಟ್ಟಿತೇನು?”

“ಮುಟ್ಟಿತ್ರಿ, ಮುಟ್ಟಿದ ಗಳಿಗ್ಗೆ ಬಂದೇವಿ,” ಗುರುಲಿಂಗವ್ವ ಕಣ್ಣೊರೆಸಿಕೊಂಡರು. “ಹಾಕಿ ಆತೇನ್ರಿ?”

“ಈಗ ಹಾಕಿಸಿಗೊಂಡ ಬಂದೆ.”

“ಹಾಕಿಸಿಗೊಂಡು ಕಾರ ಹೊಡಕೋತ ಬಂದ್ರಿ?” ಅಮಾತೆಪ್ಪನವರ ಕಣ್ಣು ದೊಡ್ಡವಾದವು.

“ಮತ್ತ? ಹಾಕ್ಸಿದ್ದ ಅದಕ್ಕ.”

“ನೋವು?”

“ಬೆನ್ನ ಒಂದೀಟ ಹಿಡದೈತಿ. ಎರಡ ದಿನಕ್ಕ ಹೋಕ್ಕತಿ.”

ಅಮಾತೆಪ್ಪನವರು ಹೆಂಡತಿಯತ್ತ ತಿರುಗಿ ಮೆಲ್ಲಗೆ ಹೇಳಿದರು: “ಕೇಳಿದೇನ? ಒಂದೀಟ ಅಂತಾನ. ನಾ ಆರು ವಾರ ಒದರೇನಿ.” ಆಮೇಲೆ ಷಡ್ಡಕನ ತೋಳು ಹಿಡಿದು, “ಮೊದಲ ಮಲಗ್ರಿ ನೀವು,” ಎಂದರು.

“ನಾ ಯಾಕ ಮಲಗಲಿ? ನಾ ಎರಡ ದಿನ ಮಲಗಿ ನೋಡೇನಿ. ನೀವ ಮಲಗ್ರಿ. ಕೆಳಗಿಂದ ಭಾಳ ಚೆಂದ ಕಾಣಸತೈತಿ.”

ನೋವಿನ ಭರಕ್ಕೆ ಬಡಬಡಿಸುತ್ತಿದ್ದಾನೆ ಎಂದುಕೊಂಡ ಅಮಾತೆಪ್ಪನವರು ಸಮಾಧಾನದ ದನಿಯಲ್ಲಿ ಕೇಳಿದರು: “ಎಷ್ಟ ದಿನ ಇರತಾವು, ಪಟ್ಟಿ?”

“ಕಾಯಂ. ಜಗ್ಗಿದ್ರ ಬರೂದಿಲ್ಲ. ಐದ ಮಂದಿ ಮ್ಯಾಲ ಕುಂತರೂ ಹಂದಾಡೂದಿಲ್ಲ. ಸೋಮವಾರದಿಂದ ದಿನದಂಗ ಹುನಗುಂದಕ್ಕ.”

ಐದು ಮಂದಿ ಮೇಲೆ ಕೂರುವ ಮಾತು ಕೇಳಿ ಗುರುಲಿಂಗವ್ವ ಗೋಡೆ ಹಿಡಿದುಕೊಂಡರು. ಅಮಾತೆಪ್ಪನವರು ತಮ್ಮ ಡಾಕ್ಟರಿಕೆಯನ್ನು ಅಲ್ಲಿಗೇ ನಿಲ್ಲಿಸಿದರು. ಅವರ ಜೀವನದಲ್ಲಿ ಅದು ಅಪರೂಪ. ಅಂಗಡಿ ಬಿಟ್ಟು ಬಂದಿದ್ದರಿಂದ ಅವರು ಐದರ ಬಸ್ಸಿಗೆ ಹೆಂಡತಿಯೊಡನೆ ಹಿಂದಿರುಗಿದರು. ಹೋಗುವಾಗ ಷಡ್ಡಕನಿಗಿಂತ ಎರಡು ವರ್ಷ ದೊಡ್ಡವರಾದ ಅವರು ಬಾಗಿ ಕಾಶಪ್ಪನವರ ಮೊಣಕಾಲು ಮುಟ್ಟಿದರು. ಕಾಶಪ್ಪನವರು, ಕಾರಿನ ಬಗ್ಗೆ ಇಷ್ಟು ಅಭಿಮಾನವಿರುವ ಮನುಷ್ಯ ಇನ್ನೂ ಒಂದು ಸೈಕಲ್ಲೂ ಕೊಂಡಿಲ್ಲವಲ್ಲ ಎಂದು ಮರುಗಿದರು.

ನೆಂಟರು ಹೋದ ಮೇಲೆ ಸಿದ್ದವ್ವ ಎಣ್ಣೆ ಕಾಯಿಸಿಕೊಂಡು ಬಂದು, ಗಂಡನ ಅಂಗಿ ತೆಗೆಸಿ, ಕಣ್ಣು ಮುಚ್ಚಿಕೊಂಡು ಬೆನ್ನ ಮೇಲೆ ಕೈಯಿಟ್ಟರು. ಪಟ್ಟಿಯಿಲ್ಲ. ಕಣ್ಣು ತೆರೆದರು. ಬೋಲ್ಟೂ ಇಲ್ಲ. ಒಂದು ಸೊಳ್ಳೆ ಕಚ್ಚಿದ ಗುರುತಿತ್ತು.

“ಆ ಪಟ್ಟಿ…?”

“ಕಾರಿನ ಕೆಳಗ ಅವಲ್ಲ. ಬೆಳಿಗ್ಗೆ ತೋರಸ್ತೇನಿ.”

ಸಿದ್ದವ್ವನಿಗೆ ಎಲ್ಲವೂ ತಿಳಿಯಿತು. ಬಾದಾಮಿಯಿಂದ ಇಳಕಲ್ಲಿನವರೆಗೆ ಒಂದು ಬಸ್ಸು ಮಂದಿಯ ಮುಂದೆ ಕಾರಿನ ಸಲುವಾಗಿ ಅತ್ತೆನೆಂದು ಯಾವ ಬಾಯಿಂದ ಹೇಳುವುದು? ಆಕೆ ಎಣ್ಣೆ ಉಜ್ಜಿದರು, ಮೋಸಂಬಿ ಸುಲಿದು ಕೊಟ್ಟರು, ಬಾಯಿ ಮುಚ್ಚಿಕೊಂಡರು.

ಸೋಮವಾರ ಕಾರು ಹುನಗುಂದದ ಏರಿನಲ್ಲಿ ನಿಂತು ಹೊರಟಿತು. ಮುದಕಪ್ಪ ಎರಡೂ ಕೈಯಿಂದ ರುಮಾಲು ಹಿಡಿದು ಕಣ್ಣು ಮುಚ್ಚಿದ್ದ. ತುಸು ಹೊತ್ತಿನ ಮೇಲೆ ಕಣ್ಣು ತೆರೆದು, “ಬಿಟ್ರೇನು?” ಎಂದ. ಕಾರು ಆಗಲೇ ಕೋರ್ಟು ದಾಟಿತ್ತು. ಸುದ್ದಿ ಕಚೇರಿಗೆ ಮುಟ್ಟಿ ತಹಶೀಲ್ದಾರರೇ ಹೊರಬಂದರು. ಹಿಂದಿನ ಸೀಟಿನಲ್ಲಿ ಕುಳಿತು ಮೂರು ಸಲ ಕಾರು ಬಿಡಿಸಿದರು. ಮೂರು ಸಲವೂ ಏನೂ ಆಗಲಿಲ್ಲ. ಏನೂ ಆಗದಿರುವುದನ್ನು ನೋಡಲು ಅಷ್ಟು ಮಂದಿ ಹುನಗುಂದದಲ್ಲಿ ಸೇರಿದ್ದು ಅದೇ ಮೊದಲು. ಬುಧವಾರದಿಂದ ಅಕ್ಕೋರು ಮತ್ತೆ ಕಾರಿಗೇ ಬಂದರು.

ಹೀಗೆ ಹುನಗುಂದದಲ್ಲಿ ಕಾರಿನ ಕೀರ್ತಿ ಬೆಳೆಯುತ್ತಿರುವಾಗ, ಬಾದಾಮಿಯಲ್ಲಿ ಕಾಶಪ್ಪನವರ ಕೀರ್ತಿ ಅದಕ್ಕಿಂತ ಎತ್ತರಕ್ಕೆ ಹೋಗಿತ್ತು. ಬೆನ್ನಿನಲ್ಲಿ ಎರಡು ಕಬ್ಬಿಣದ ಪಟ್ಟಿ, ಮರುದಿನವೇ ಕಾರು, ದಿನಾ ಹುನಗುಂದ! ಅಮಾತೆಪ್ಪನವರ ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿಕೊಳ್ಳುವವರು ಕಥೆ ಮುಗಿಯುವವರೆಗೆ ಪೊಟ್ಟಣ ಕೇಳುತ್ತಿರಲಿಲ್ಲ. ಎರಡನೆಯ ಭಾನುವಾರ, ಬಿಟ್ಟುಬಂದಿದ್ದ ಟ್ರಂಕು ತರಲೆಂದು ಕಾಶಪ್ಪನವರು ಹೆಂಡತಿಯೊಡನೆ ಅಲ್ಲಿಗೆ ಹೋದಾಗ ಅಂಗಡಿಯ ಮುಂದೆ ಜನ ನೆರೆದಿತ್ತು. ಹವಾಲ್ದಾರರೊಬ್ಬರು ಎತ್ತಿನ ಗಾಡಿಗಳನ್ನು ತಡೆದು ಕಾರಿಗೆ ದಾರಿ ಮಾಡಿಕೊಟ್ಟರು. ಹಾರ ಬಂತು. ಪುರಸಭೆಯ ಸದಸ್ಯರೊಬ್ಬರು ಕಟ್ಟೆಯ ಮೇಲೆ ನಿಂತು, “ಇಂಥಾ ಗಟ್ಟಿ ಬೆನ್ನೆಲುಬು ನಮ್ಮ ಪುರಸಭಾಕ್ಕ ಇದ್ದಿದ್ರ ನಳದಾಗ ನೀರ ಬರತಿದ್ವು” ಎಂದು ಭಾಷಣ ಮಾಡಿದರು.

ಕಾಶಪ್ಪನವರು ಕೈಮುಗಿದು, “ನಂದೇನೂ ಇಲ್ರಿ. ಎಲ್ಲಾ ಮುರ್ತುಜಸಾಬರ ಕೈಗುಣ. ದಿನಾ ಓಡಾಡಾಂವಗ ಬೇಕಾಗತೈತಿ, ಅದಕ್ಕ ಹಾಕಿಸಿದೆ,” ಎಂದರು. ಈ ವಿನಯಕ್ಕೆ ಮಂದಿ ಕರಗಿ ನೀ‌ರಾದರು. ಒಬ್ಬ ಮುದುಕಿ ಹಿಂದಿನಿಂದ ಬಂದು ಅವರ ಬೆನ್ನು ತಡವಿ, “ಹೌದವ್ವಾ, ಬಿರುಸ ಐತಿ,” ಎಂದು ಸಾಕ್ಷಿ ಹೇಳಿದಳು. ಬೆನ್ನಿನ ಧೂಳು ಒರೆಸುತ್ತಿದ್ದಾಳೆಂದು ಕಾಶಪ್ಪನವರು ಆಕೆಗೂ ಕೈಮುಗಿದರು. ಸಿದ್ದವ್ವ ಕಾರಿನೊಳಗೇ ಕುಳಿತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಆಗ ಗುಂಪಿನಿಂದ ಒಬ್ಬ ಹೆಣ್ಣುಮಗಳು ಮುಂದೆ ಬಂದಳು. ಚೊಳಚಗುಡ್ಡದ ಬಾಳಮ್ಮ. ಅವಳ ಗಂಡ ಗಾಳೆಪ್ಪ ಗೌಂಡಿ ಕೆಲಸದವನು. ಹನ್ನೆರಡು ದಿನದ ಹಿಂದೆ ಕಟ್ಟಡದ ಮೇಲಿಂದ ಬಿದ್ದು ಬಾಗಲಕೋಟೆಯಲ್ಲಿ ಒಬ್ಬ ಎಲುಬಿನ ಡಾಕ್ಟರರ ದವಾಖಾನೆ ಸೇರಿದ್ದ.

“ಡಾಕ್ಟರ ಮಾತ ಕೇಳವಲ್ರಿ,” ಎಂದು ಅವಳು ಅತ್ತಳು. “ಊಟ ಬಿಟ್ಟಾರ, ಗ್ವಾಡಿಗೆ ಮಾರಿ ಮಾಡಿ ಮಲಗ್ಯಾರ. ನಿಮ್ಮ ಸುದ್ದಿ ಕೇಳಿದಾಗ ಒಂದೀಟ ಕಣ್ಣ ತೆರದ್ರು. ಅಣ್ಣಾರ, ನೀವೊಮ್ಮೆ ಬಂದು ಧೈರ್ಯ ಹೇಳ್ರಿ.”

ತಮ್ಮ ಕಾರಿನ ಸುದ್ದಿ ಒಬ್ಬ ರೋಗಿಯ ಕಣ್ಣು ತೆರೆಸುವುದಾದರೆ ಹೋಗದೆ ಇರುವುದು ಹೇಗೆ? ಕಾಶಪ್ಪನವರು ಹಾರವನ್ನೂ ತೆಗೆಯದೆ, ಅಲ್ಲಿಂದಲೇ ಬಾಳಮ್ಮನನ್ನೂ ಅಮಾತೆಪ್ಪನವರನ್ನೂ ಕೂರಿಸಿಕೊಂಡು ಬಾಗಲಕೋಟೆಗೆ ಹೊರಟರು. ಏನೋ ಹೇಳಲು ಬಾಯಿ ತೆರೆದ ಸಿದ್ದವ್ವನಿಗೆ ಗುರುಲಿಂಗವ್ವ, “ನೀ ಇಲ್ಲೇ ಇರವಾ, ಅತ್ತೂ ಅತ್ತೂ ಸೊರಗೀದಿ” ಎಂದು ಕೈಹಿಡಿದು ಇಳಿಸಿಕೊಂಡರು.

ಗಾಳೆಪ್ಪ ಮಂಚದ ಮೇಲೆ ಅಂಗಾತ ಮಲಗಿದ್ದ. ಕಾಲಿಗೆ ಹಗ್ಗ ಕಟ್ಟಿ, ಹಗ್ಗವನ್ನು ಒಂದು ರಾಟೆಯ ಮೇಲೆ ಹಾಯಿಸಿ, ತುದಿಗೆ ಮೂರು ಇಟ್ಟಿಗೆ ತೂಗುಬಿಟ್ಟಿದ್ದರು.

“ಮೂವತ್ತ ವರ್ಷ ನಾ ಇಟ್ಟಂಗಿ ಎತ್ತಿದೆ,” ಎಂದ ಅವನು ಯಾರನ್ನೂ ನೋಡದೆ. “ಈಗ ಇಟ್ಟಂಗಿ ನನ್ನ ಎತ್ತಾಕ ಹತ್ಯಾವ.”

ಡಾಕ್ಟರು ಹರೆಯದವರು. ಕಾಶಪ್ಪನವರ ಕೊರಳಿನ ಹಾರ ನೋಡಿ ಯಾರೋ ದೊಡ್ಡವರಿರಬೇಕೆಂದು ಎದ್ದುನಿಂತು ವಿವರಿಸಿದರು: “ತೊಡಿ ಎಲುಬು ಮುರದೈತ್ರಿ. ಈಗ ಟ್ರಾಕ್ಷನ್ ಹಾಕೇವಿ. ಇದರಿಂದ ನೆಟ್ಟಗ ಕೂಡವಲ್ದು. ಒಳಗ ಉಕ್ಕಿನ ಸಲಾಕಿ ಹಾಕಬೇಕು. ಹಾಕಲಿಲ್ಲಂದ್ರ ಕಾಲು ಡೊಂಕ ಆಗತೈತಿ, ಏಣಿ ಹತ್ತೂದು ಮುಗೀತು. ಇಂವಾ ಒಲ್ಲೆ ಅಂತಾನ.”

‘ಟ್ರಾಕ್ಷನ್’ ಎಂಬ ಮಾತು ಕಿವಿಗೆ ಬಿದ್ದದ್ದೇ ಕಾಶಪ್ಪನವರು ಅಭ್ಯಾಸಬಲದಿಂದ ಥಟ್ಟನೆ ಸೊಂಟ ಬಾಗಿಸಿ ಮಂಚದ ಕೆಳಗೆ ಇಣುಕಿದರು. ಅಲ್ಲಿ ಪಟ್ಟಿಗಳಿರಲಿಲ್ಲ.

“ನೋಡ್ರಿ, ಹ್ಯಾಂಗ ಬಗ್ತಾನ!” ಅಮಾತೆಪ್ಪನವರು ಹೆಮ್ಮೆಯಿಂದ ಕೂಗಿದರು. “ಡಾಕ್ಟರ, ಇವರ ಬೆನ್ನಾಗ ಎರಡು ಪಟ್ಟಿ ಅದಾವ. ಹಾಕಿದ ದಿನಾನ ಕಾರ ಹೊಡದಾರ!”

ಡಾಕ್ಟರು ಕಾಶಪ್ಪನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಯಾರು ಹಾಕಿದ್ರು?”

“ಮುರ್ತುಜಸಾಬ್ರು,” ಎಂದರು ಕಾಶಪ್ಪನವರು. ಬೆನ್ನಿನ ಮಾತು ಅವರ ತಲೆಗೆ ಇನ್ನೂ ಇಳಿದಿರಲಿಲ್ಲ.

“ಎಲ್ಲಿ ಕಲತವರು?”

“ಪುಣೆದಾಗ್ರಿ. ಒಬ್ಬ ಪಾರ್ಸಿ ಸಾಹೇಬರ ಗ್ಯಾರೇಜಿನ್ಯಾಗ.”

“ಗ್ಯಾರೇಜ್?”

“ಅಂಗಿ ಎತ್ತಿ ತೋರಸ್ರಿ,” ಎಂದ ಗಾಳೆಪ್ಪ ಮಂಚದಿಂದ. “ನನಗ ಮಾತ ಬ್ಯಾಡ. ಕಣ್ಣಿಲೆ ನೋಡಬೇಕು. ಜೀವಂತ ಮನಷ್ಯಾನ ಮೈಯಾಗ ಕಬ್ಬಿಣ ಹಾಕಿದ್ರ ಜಂಗ ಹಿಡೀತೈತೋ ಇಲ್ಲೋ ನೋಡತೇನಿ.”

ಕಾಶಪ್ಪನವರು ತೂಗುತ್ತಿದ್ದ ಇಟ್ಟಿಗೆಗಳನ್ನು ನೋಡಿದರು. ಷಡ್ಡಕನನ್ನು ನೋಡಿದರು. ಕೊರಳಿನ ಹಾರ ನೋಡಿಕೊಂಡರು. ಮೋಸಂಬಿ, ಭಾಷಣ, ಬೆನ್ನು ತಡವಿದ ಮುದುಕಿ ಎಲ್ಲವೂ ಒಂದೊಂದಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕುಳಿತವು. ಅವರ ಮುಖ ಸುಣ್ಣವಾಯಿತು. ಅಮಾತೆಪ್ಪನವರಿಗೂ ಅದೇ ಕ್ಷಣ ಏನೋ ಹೊಳೆದಿರಬೇಕು, ಅವರು ಹತ್ತಿರ ಸರಿದು ಕಿವಿಯಲ್ಲಿ ಹೇಳಿದರು: “ತಮ್ಮಾ, ಹಾಕಿಸಿಗೊಂಡೇನಿ ಅಂದಬಿಡು. ಗಾಯ ಮಾಯ್ದಿಲ್ಲ, ತೋರಸೂದಿಲ್ಲ ಅನ್ನು. ಒಂದು ಸುಳ್ಳಿಗೆ ಒಂದು ಕಾಲು ಉಳೀತೈತಿ.”

ಬಾಳಮ್ಮ ಕೈಜೋಡಿಸಿ ನಿಂತಿದ್ದಳು. ಕಾಶಪ್ಪನವರು ಹಾರ ತೆಗೆದು ಕಿಟಕಿಯ ಮೇಲಿಟ್ಟರು. ಮಂಚದ ಅಂಚಿಗೆ ಕುಳಿತರು.

“ಗಾಳೆಪ್ಪಾ, ನನ್ನ ಬೆನ್ನಾಗ ಏನೂ ಇಲ್ಲಪಾ. ಪಟ್ಟಿ ಹಾಕ್ಸಿದ್ದು ನನ್ನ ಕಾರಿಗೆ. ಕಾರ್ಡ ಬರೀವಾಗ ಕಾರು ಅಂತ ಬರಿಯೂದು ಮರತೆ.”

ಬಾಳಮ್ಮನ ಕೈ ಕೆಳಗಿಳಿದವು. ಗಾಳೆಪ್ಪ ಕಾಶಪ್ಪನವರನ್ನೇ ದಿಟ್ಟಿಸಿ ನೋಡುತ್ತಿದ್ದ. ಆಮೇಲೆ ಅವನ ಹೊಟ್ಟೆ ಅಲುಗಿತು. ಮೂರು ಇಟ್ಟಿಗೆಗಳೂ ಅಲುಗಿದವು. ಹನ್ನೆರಡು ದಿನದ ನಗು ಒಮ್ಮೆಲೇ ಹೊರಬಂದು, “ಅಯ್ಯಯ್ಯೋ ಕಾಲು, ಅಯ್ಯೋ ನಗಸಬ್ಯಾಡ್ರಿ” ಎನ್ನುತ್ತಾ ನಗುತ್ತಾ ಅಳುತ್ತಾ ಅವನು ತಲೆದಿಂಬು ಕಚ್ಚಿದ. ಇಟ್ಟಿಗೆಗಳು ಗಡಿಯಾರದ ಗುಂಡಿನಂತೆ ತೂಗಾಡಿದವು. ಡಾಕ್ಟರು ಓಡಿಬಂದು ಹಿಡಿದುಕೊಂಡರು.

ನಗು ಇಳಿದ ಮೇಲೆ ಗಾಳೆಪ್ಪ ಕಣ್ಣೊರೆಸಿಕೊಂಡು ಕೇಳಿದ: “ಕಾರಿಗೆ ಯಾಕ ಹಾಕಿಸಿದ್ರಿ? ಸ್ಪ್ರಿಂಗ್ ಮುರದಿತ್ತೇನು?”

“ಮುರದಿರಲಿಲ್ಲ. ಭಾರ ಬಿದ್ದಾಗ ತಿರುಚತಿತ್ತು.” ಕಾಶಪ್ಪನವರು ಮೊಣಕೈ ಮಡಿಸಿ ಸ್ಪ್ರಿಂಗು ಮಾಡಿದರು, ಇನ್ನೊಂದು ಕೈಯನ್ನು ಅದರ ಕೆಳಗೆ ಪಟ್ಟಿಯಂತೆ ಹಿಡಿದರು. “ಪಟ್ಟಿ ಏನೂ ಎತ್ತೂದಿಲ್ಲ, ಜಗ್ಗೂದಿಲ್ಲ. ತಿರುಚಾಕ ಬಿಡೂದಿಲ್ಲ, ಅಷ್ಟ. ಉಳದದ್ದೆಲ್ಲಾ ಗಾಡೀನ ಮಾಡಕೋತೈತಿ.”

ಗಾಳೆಪ್ಪ ಆ ಎರಡು ಕೈಗಳನ್ನು ಬಹಳ ಹೊತ್ತು ನೋಡಿದ. “ಸಿಮಿಟಿನ ತೊಲಿಯಾಗ ನಾವು ಸಲಾಕಿ ಹಾಕ್ತೇವಿ. ಅದೂ ಹಂಗ. ಬಾಗಾಕ ಬಿಡೂದಿಲ್ಲ,” ಎಂದ. ಡಾಕ್ಟರತ್ತ ತಿರುಗಿದ. “ನೀವೂ ಅದನ್ನ ಹಾಕಾವರೇನ್ರಿ?”

“ಅದನ್ನ.”

“ಹಂಗ್ಯಾಕ ಹೇಳಲಿಲ್ಲ ಮೊದಲ? ಆಪರೇಶನ್, ಆಪರೇಶನ್ ಅಂದ್ರಿ.” ತುಸು ಯೋಚಿಸಿ ಶರತ್ತು ಹಾಕಿದ: “ನೀವು ಹೋಗಿ ಅವರ ಕಾರಿನ ಕೆಳಗ ಮಲಗಿ ನೋಡಿ ಬರ್ರಿ. ಇವರು ಖರೆ ಹೇಳ್ಯಾರೋ ಇಲ್ಲೋ. ಆಮ್ಯಾಲ ಹಾಕ್ರಿ.”

ಬಾಗಲಕೋಟೆಯ ಆ ರಸ್ತೆಯಲ್ಲಿ ಅಂದು ನಡೆದವರು, ಬಿಳಿ ಕೋಟಿನ ಎಲುಬಿನ ಡಾಕ್ಟರು ಒಂದು ಅಂಬಾಸಿಡರಿನ ಕೆಳಗೆ ತೂರಿಕೊಂಡು ಹೋಗುವುದನ್ನೂ, ಹೊರಗೆ ಉಳಿದಿದ್ದ ಅವರ ಎರಡು ಬೂಟಿಗೆ ಒಬ್ಬ ಬಾಂಡ್ ರೈಟರು ಬಗ್ಗಿ ವಿವರಣೆ ಕೊಡುವುದನ್ನೂ ಕಂಡರು. ಡಾಕ್ಟರು ಒಳಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಇದ್ದರು. ಕೋಟಿಗೆ ಗ್ರೀಸು ಬಳಿದುಕೊಂಡು ಹಿಂದಿರುಗಿ ಬಂದು ಹೇಳಿದರು:

“ಗಾಳೆಪ್ಪಾ, ಕೆಲಸ ಪಕ್ಕಾ ಐತಿ. ಆದ್ರ ಅದಕ್ಕ ಜಂಗ ಹಿಡದೈತಿ. ನಾ ಹಾಕೂದಕ್ಕ ಹಿಡಿಯೂದಿಲ್ಲ.”

“ಹಾಕ್ರಿ,” ಎಂದ ಗಾಳೆಪ್ಪ. “ಬಾಳಿ, ಊಟ ತಾ.”

ಮಂಗಳವಾರ ಆಪರೇಶನ್ ಆಯಿತು, ಸರಿಯಾಗಿ ಆಯಿತು. ಬಾದಾಮಿಯಲ್ಲಿ ಅಮಾತೆಪ್ಪನವರು ಮೂರು ದಿನ ಅಂಗಡಿಯ ಹಿಂದಿನ ಬಾಗಿಲಿನಿಂದ ಓಡಾಡಿದರು. ನಾಲ್ಕನೆಯ ದಿನ ಧೈರ್ಯ ಮಾಡಿ ಗಿರಾಕಿಗಳಿಗೆ ನಿಜ ಹೇಳಿದರು. ಅರ್ಧ ಮಂದಿ ನಂಬಲಿಲ್ಲ. ಬೆನ್ನು ತಡವಿದ ಮುದುಕಿಯಂತೂ, “ನಾ ಮುಟ್ಟಿ ನೋಡೇನಿ, ನನಗ ಹೇಳಬ್ಯಾಡ” ಎಂದು ಬೈದು ಹೋದಳು. ನಂಬಿದ ಅರ್ಧ ಮಂದಿ, ಆ ಮಾತನ್ನು ದವಾಖಾನೆಯಲ್ಲಿ ಎಲ್ಲರ ಮುಂದೆ ಹೇಳುವುದಕ್ಕೆ ಬೆನ್ನಿನಲ್ಲಿ ಪಟ್ಟಿಗಿಂತ ಗಟ್ಟಿಯಾದದ್ದೇ ಇರಬೇಕು ಎಂದರು. ಸಿದ್ದವ್ವ ಗಂಡನಿಗೆ ಬಸ್ಸಿನ ಸಂಗತಿ ಹೇಳಿದ್ದು ಆಮೇಲೆ. “ನನ್ನ ಸಲುವಾಗಿ ಅಮೀನಗಡದಮಟ ಅತ್ತಿ?” ಎಂದು ಕಾಶಪ್ಪನವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಅವರ ಮುಖದಲ್ಲಿ ತಹಶೀಲ್ದಾರರು ಕಾರು ಹತ್ತಿದಾಗಲೂ ಕಾಣದ ಕಳೆ ಇತ್ತು.

ಆರು ವಾರದ ಮೇಲೆ ಗಾಳೆಪ್ಪನನ್ನು ಮನೆಗೆ ಕಳಿಸುವ ದಿನ ಕಾಶಪ್ಪನವರು ಹುನಗುಂದಕ್ಕೆ ರಜೆ ಹಾಕಿ ಕಾರು ತಂದರು. ಹಿಂದಿನ ಸೀಟಿನಲ್ಲಿ ಗಾಳೆಪ್ಪ ಕಾಲು ಚಾಚಿ ಕುಳಿತ. ಬಾಳಮ್ಮ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಉಸಿರು ಹಿಡಿದಳು. ದವಾಖಾನೆಯ ಗೇಟಿನಿಂದ ರಸ್ತೆಗೆ ಒಂದು ಏರಿತ್ತು. ಡಾಕ್ಟರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಕಾಶಪ್ಪನವರು ಕ್ಲಚ್ಚಿನಿಂದ ಕಾಲು ತೆಗೆದರು. ಕಾರು ಹಾಲಿನ ಮೇಲಿನ ಕೆನೆಯಷ್ಟೂ ಅಲುಗದೆ ಮೇಲೇರಿತು.

ಹಿಂದೆ ಎಲ್ಲೋ ‘ಟಕ್’ ಎಂದಿತು.

“ನಿಲ್ಲಸ್ರಿ!” ಗಾಳೆಪ್ಪ ಎರಡೂ ಕೈಯಿಂದ ತೊಡೆ ಹಿಡಿದುಕೊಂಡಿದ್ದ. ಕಾರು ನಿಂತಿತು.

“ಕಾಶಪ್ಪನವರ, ಈಗ ಟಕ್ ಅಂದಿತಲ್ಲ. ಅದು ನಿಮ್ಮದೋ, ನಂದೋ?”

ಕಾಶಪ್ಪನವರು ಹಿಂದಿರುಗಿ ನೋಡಲಿಲ್ಲ. ತಲೆ ಓರೆ ಮಾಡಿ, ಕಾರನ್ನು ಇನ್ನೊಮ್ಮೆ ಮೆಲ್ಲಗೆ ಬಿಟ್ಟು, ಕಿವಿಗೊಟ್ಟು ಕೇಳಿದರು. ರಬ್ಬರು ಸ್ಪ್ರಿಂಗಿಗೆ ತಾಗಿ ಮತ್ತೆ ‘ಟಕ್’ ಎಂದಿತು.

“ನಂದು,” ಎಂದರು.

ಗಾಳೆಪ್ಪ ತೊಡೆಯಿಂದ ಕೈ ತೆಗೆದು ಸೀಟಿಗೆ ಒರಗಿದ.

“ಹಂಗಾರ ಹೊಡೀರಿ.”